ಒಣಗಿದ ನೆಲದ ಬಗ್ಗೆ ಒಂದು ದೂರು

ಅಡುಗೆಮನೆಯ ಬಾಗಿಲಲ್ಲಿ, ಕಾಲೊರೆಸುವ ಚಾಪೆಯ ಮೇಲೆ ಎಡಮಗ್ಗುಲಾಗಿ ವಿರಾಜಮಾನರಾಗಿರುವ ಶ್ರೀಯುತ ಶಟಲ್ ಅವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಮೂಗು ತಣ್ಣಗೂ ಹೊಟ್ಟೆ ಬೆಚ್ಚಗೂ ಇರುವುದನ್ನು ಇಂದು ಬೆಳಿಗ್ಗೆ ತಮ್ಮನ್ನು ದಾಟಿಕೊಂಡು ಹೋಗುವಾಗ ಗಮನಿಸಿ ಸಂತೋಷಪಟ್ಟಿದ್ದೇನೆ. ಆರು ತಿಂಗಳ ಎಳೆ ವಯಸ್ಸಿನಲ್ಲೇ ಎರಡು ಜೊತೆ ಚಪ್ಪಲಿ, ಒಂದು ಛತ್ರಿಯ ಹಿಡಿ ಮತ್ತು ನಮ್ಮ ಕಚೇರಿಯ ಒಂದು ಸುತ್ತೋಲೆಯನ್ನು ಅರಗಿಸಿಕೊಂಡಿರುವ ತಮ್ಮ ಜಠರಕ್ಕೆ ನನ್ನ ಗೌರವಪೂರ್ವಕ ನಮಸ್ಕಾರಗಳು. ಆ ಸುತ್ತೋಲೆಯನ್ನು ನಾನು ಮೂರು ಸಲ ಓದಿಯೂ ಅರಗಿಸಿಕೊಳ್ಳಲು ಆಗಿರಲಿಲ್ಲ.

ಈ ಪತ್ರ ದೂರಿನ ಪತ್ರ. ಕಳೆದ ಹನ್ನೆರಡು ದಿನಗಳಿಂದ ತಾವು ಮನೆಯೊಳಗೆ ಎಲ್ಲಿಯೂ ಒಂದು ಹನಿಯನ್ನೂ ಬೀಳಿಸಿಲ್ಲ ಎಂಬುದೇ ನನ್ನ ದೂರು. ನೆಲ ಒಣಗಿದೆ, ಚಾಪೆ ಒಣಗಿದೆ, ವರಾಂಡದ ಮೂಲೆ ಒಣಗಿದೆ. ನಾಯಿ ಸಾಕಿದವರು ಇಂಥ ದಿನಕ್ಕಾಗಿ ಹಂಬಲಿಸುತ್ತಾರೆಂದು ತಮ್ಮ ಪಶುವೈದ್ಯೆಯೂ ಹೇಳಿದರು. ನಾನು ಹಂಬಲಿಸಿದ್ದೂ ನಿಜ. ಆದರೆ ತಾವು ಕಲಿಯಬೇಕಾದದ್ದಕ್ಕಿಂತ ಹೆಚ್ಚು ಕಲಿತುಬಿಟ್ಟಿದ್ದೀರಿ, ಅದರಿಂದ ಮೂರನೆಯವರೊಬ್ಬರಿಗೆ ತೊಂದರೆಯಾಗುತ್ತಿದೆ. ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಅಂದರೆ ಆ ಒಬ್ಬರನ್ನು ಬಿಟ್ಟು ಲೋಕದಲ್ಲಿ ಯಾರು ಬೇಕಾದರೂ ಓದಬಹುದು. ಅವರು ವೇಳಾಪಟ್ಟಿಯ ಹೊರತು ಬೇರೇನನ್ನೂ ಓದದಿರುವುದು ನನ್ನ ಧೈರ್ಯಕ್ಕೆ ಕಾರಣ.

ನಮ್ಮ ಸಂಬಂಧದ ಹಿನ್ನೆಲೆ ತಮಗೆ ನೆನಪಿರಲಾರದು. ನನ್ನ ಹೆಂಡತಿ ತಾನು ಕೆಲಸ ಮಾಡುವ ಆಸ್ಪತ್ರೆಯ ಹಿಂಬದಿಯಲ್ಲಿ, ಕೆಟ್ಟುಹೋದ ಮಂಚಗಳ ಕೆಳಗಿನಿಂದ ತಮ್ಮನ್ನು ಎತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮನೆಗೆ ತಂದದ್ದು ಒಂದು ಗುರುವಾರ. ಹದಿನೆಂಟು ವರ್ಷದ ಸಂಸಾರದಲ್ಲಿ ಒಂದು ಬೆಕ್ಕಿನ ಬಗ್ಗೆಯೂ ಒಳ್ಳೆಯ ಮಾತಾಡದಿದ್ದ ಅವಳಿಗೆ ಇದ್ದಕ್ಕಿದ್ದಂತೆ ಪ್ರಾಣಿದಯೆ ಉಕ್ಕಿದ್ದು ಏಕೆಂದು ನಾನು ಕೇಳಲಿಲ್ಲ. ಆ ವಾರ ಮಂಗಳವಾರವೇ, ಅಂದರೆ ತಾವು ಬರುವುದಕ್ಕೆ ಎರಡು ದಿನ ಮೊದಲೇ, ಅಪ್ಪನ ಕುರ್ಚಿಯ ದಿಂಬು ಕಾಂಪೌಂಡ್ ಗೋಡೆಯ ಮೇಲೆ ಒಣಗುತ್ತಿತ್ತು. ಅದನ್ನೂ ಕೇಳಲಿಲ್ಲ. ಕೇಳದೇ ಇರುವುದು ಒಂದು ಬಗೆಯ ಸೌಜನ್ಯವೆಂದು ನಾನು ಬಹಳ ವರ್ಷಗಳಿಂದ ನಂಬಿಕೊಂಡು ಬಂದಿದ್ದೇನೆ.

ತಮಗೆ ಶಟಲ್ ಎಂಬ ಬಿರುದು ಕೊಟ್ಟವರು ಅಪ್ಪ. ಎರಡು ನಿಲ್ದಾಣಗಳ ನಡುವೆ ದಿನವಿಡೀ ಸುಮ್ಮನೆ ಹೋಗಿ ಬಂದು ಮಾಡುವ ಬಸ್ಸಿಗೆ ಅವರ ಇಲಾಖೆಯಲ್ಲಿ ಆ ಹೆಸರು. ಅವರು ಮೂವತ್ತಾರು ವರ್ಷ ಬಸ್ ನಿಲ್ದಾಣದ ನಿಯಂತ್ರಕರಾಗಿದ್ದವರು: ಗಾಜಿನ ಕಿಟಕಿಯ ಹಿಂದೆ ಕೂತು, ಹೊರಡುವ ಬಸ್ಸಿನ ನಂಬರನ್ನೂ ಹೊರಟ ಹೊತ್ತನ್ನೂ ಬರೆದು, ಅದರ ಮುಂದೆ ಬಾಲ ಉದ್ದವಾದ ಒಂದು ಸರಿಗುರುತು ಎಳೆದು, ಸೀಟಿ ಊದುವುದು ಅವರ ಉದ್ಯೋಗ. ಒಂದು ನಿಮಿಷ ತಡವಾದ ಬಸ್ಸನ್ನು ಒಂದು ನಿಮಿಷ ತಡವೆಂದೇ ಬರೆದು, ಡ್ರೈವರುಗಳಿಂದ ಬೈಸಿಕೊಂಡು ನಿವೃತ್ತರಾದವರು.

ನನ್ನ ಉದ್ಯೋಗವನ್ನೂ ಇಲ್ಲಿ ಹೇಳುವುದು ಅಗತ್ಯ, ಏಕೆಂದರೆ ತಪ್ಪೆಲ್ಲ ಅಲ್ಲಿಂದಲೇ ಹುಟ್ಟಿದೆ. ನಾನು ನೀರು ಸರಬರಾಜು ಕಚೇರಿಯ ಸೋರಿಕೆ ಪತ್ತೆ ವಿಭಾಗದವನು. ಉದ್ದನೆಯ ಕಬ್ಬಿಣದ ಕೋಲಿನ ಒಂದು ತುದಿಯನ್ನು ರಸ್ತೆಗೂ ಇನ್ನೊಂದನ್ನು ಕಿವಿಗೂ ಒತ್ತಿ, ನೆಲದಡಿಯ ಪೈಪು ಎಲ್ಲಿ ಒಡೆದಿದೆ ಎಂದು ಆಲಿಸುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ ಒಂದಿದೆ: ನೀರು ಕಂಡ ಜಾಗದಲ್ಲಿ ಅಗೆಯಬೇಡಿ. ಒಡೆದಲ್ಲಿಂದ ಹೊರಬಿದ್ದ ನೀರು ಪೈಪಿನ ಗುಂಟ ಎಷ್ಟೋ ದೂರ ಹರಿದು, ಮಣ್ಣು ಸಡಿಲವಿದ್ದ ಕಡೆ ಮೇಲಕ್ಕೆ ಬರುತ್ತದೆ. ಪಾಪದ ಆ ಜಾಗಕ್ಕೆ ಏನೂ ಆಗಿರುವುದಿಲ್ಲ. ಇಪ್ಪತ್ತೆರಡು ವರ್ಷ ಇದನ್ನು ಬೇರೆಯವರಿಗೆ ಬೋಧಿಸಿದ ನಾನು ಮನೆಯಲ್ಲಿ ಮಾಡಿದ್ದೇನೆಂದರೆ, ನೀರು ಕಂಡ ಕಡೆಯೆಲ್ಲ ತಮ್ಮನ್ನು ಕಂಡದ್ದು.

ಮೊದಲ ಕೆಲವು ವಾರ ನಮ್ಮ ತರಬೇತಿ ನಾಯಿ ಸಾಕುವ ಪುಸ್ತಕದಲ್ಲಿ ಹೇಳಿದ ಹಾಗೆ ನಡೆಯಿತು. ನಿದ್ದೆಯಿಂದ ಎದ್ದ ಕೂಡಲೇ ಹಿತ್ತಿಲಿಗೆ, ಹಾಲು ಕುಡಿದ ಕೂಡಲೇ ಹಿತ್ತಿಲಿಗೆ, ಆಟವಾಡಿ ಸುಸ್ತಾದ ಕೂಡಲೇ ಹಿತ್ತಿಲಿಗೆ. ನಿಂಬೆಗಿಡದ ಬುಡದಲ್ಲಿ ಕೆಲಸ ಮುಗಿಸಿದರೆ ಒಂದು ಚೂರು ಬಿಸ್ಕತ್ತು, ಬೆನ್ನ ಮೇಲೆ ಒಂದು ತಟ್ಟು. ತಾವು ಹಿತ್ತಿಲಿನಲ್ಲಿ ಇಪ್ಪತ್ತು ನಿಮಿಷ ಎಲೆಗಳ ಅಧ್ಯಯನ ಮಾಡಿ, ನನ್ನ ಮುಖವನ್ನು ಕರುಣೆಯಿಂದ ನೋಡಿ, ಒಳಗೆ ಬಂದು ಹೊಸಿಲು ದಾಟಿದ ಕೂಡಲೇ ನಿರಾಳರಾಗುತ್ತಿದ್ದಿರಿ. ಬಿಸ್ಕತ್ತನ್ನು ನಾನೇ ತಿನ್ನುತ್ತಿದ್ದೆ. ನೆಲಕ್ಕೆ ಹಾಸಿದ ಪತ್ರಿಕೆಯಲ್ಲಿ ತಮ್ಮ ಆಯ್ಕೆ ಸಂಪಾದಕೀಯವೇ ಆಗಿರುತ್ತಿತ್ತು ಎಂಬುದನ್ನು ಮಾತ್ರ ಮೆಚ್ಚುಗೆಯಿಂದ ನೆನೆಯುತ್ತೇನೆ.

ಆಗ ನನಗೊಂದು ವೃತ್ತಿಪರ ಆಲೋಚನೆ ಬಂತು. ಗ್ರಾಫ್ ಹಾಳೆಯ ಮೇಲೆ ನಮ್ಮ ಮನೆಯ ನಕ್ಷೆ ಬರೆದೆ: ಪಡಸಾಲೆ, ಅಪ್ಪನ ಕುರ್ಚಿ, ಉದ್ದನೆಯ ಓಣಿ, ಅದರ ಕೊನೆಯಲ್ಲಿ ಬಚ್ಚಲುಮನೆ, ಪಕ್ಕದಲ್ಲಿ ಹಿತ್ತಿಲ ಬಾಗಿಲು. ಕೆಳಗೆ ತಾರೀಕು, ಹೊತ್ತು, ಜಾಗ ಮತ್ತು ವಿಸ್ತೀರ್ಣಕ್ಕೆ ಅಂಕಣಗಳು. ವಿಸ್ತೀರ್ಣವನ್ನು ನಾಣ್ಯ, ಬಟ್ಟಲು, ತಟ್ಟೆ ಎಂದು ಮೂರು ದರ್ಜೆ ಮಾಡಿದ್ದೆ. ತಲೆಬರಹ: ಶಟಲ್, ಸೋರಿಕೆ ದಾಖಲೆ. ಮನೆಯಲ್ಲಿ ಯಾರು ಎಲ್ಲಿ ಒದ್ದೆ ಕಂಡರೂ ನಕ್ಷೆಯ ಮೇಲೆ ಗುರುತು ಹಾಕಿ, ಕೆಳಗೆ ವಿವರ ಬರೆಯತಕ್ಕದ್ದು. ಇದನ್ನು ಎಲ್ಲರ ಕಣ್ಣಿಗೆ ಬೀಳಲೆಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಹೆಂಡತಿ ಅದನ್ನು ಸ್ವಲ್ಪ ಹೊತ್ತು ನೋಡಿ, “ಒಳ್ಳೇದು, ನೆಲ ಒರೆಸೋರು ಯಾರು ಅನ್ನೋದಕ್ಕೂ ಒಂದು ಅಂಕಣ ಹಾಕಿ” ಎಂದು ಹೇಳಿ ಕೆಲಸಕ್ಕೆ ಹೋದಳು. ಅಪ್ಪ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು.

ಒಂದು ತಿಂಗಳಿಗೆ ಹತ್ತೊಂಬತ್ತು ಗುರುತುಗಳಾದವು. ನಾನು ಚುಕ್ಕೆ ಇಡುತ್ತಿದ್ದೆ, ಹೆಂಡತಿ ಅಡ್ಡಗೆರೆ ಎಳೆಯುತ್ತಿದ್ದಳು, ಅಪ್ಪ ಬಾಲವಿರುವ ಸರಿಗುರುತು ಹಾಕುತ್ತಿದ್ದರು. ಹತ್ತೊಂಬತ್ತು ಎಂಬುದು ನಮ್ಮ ಕಚೇರಿಯಲ್ಲಿ ಒಂದು ಬಡಾವಣೆಯ ಪೈಪನ್ನೇ ಬದಲಾಯಿಸಲು ಸಾಕಾಗುವ ಸಂಖ್ಯೆ. ಶುಕ್ರವಾರ ಕಚೇರಿಯಿಂದಲೇ ಹೆಂಡತಿಯ ಅಣ್ಣನಿಗೆ ಫೋನ್ ಮಾಡಿ, ಅವನ ಪ್ಲೈವುಡ್ ಗೋದಾಮಿಗೆ ಒಂದು ಕಾವಲು ನಾಯಿ ಬೇಕಿತ್ತಲ್ಲವೆ, ಭಾನುವಾರ ಬಂದು ಒಯ್ಯಿ ಎಂದೆ. ತಮ್ಮ ವರ್ಗಾವಣೆಯ ಆದೇಶ ಹೊರಟದ್ದು ಹೀಗೆ. ತಮ್ಮ ಹೇಳಿಕೆ ಪಡೆಯಲಿಲ್ಲ, ತನಿಖೆ ನಡೆಸಲಿಲ್ಲ. ಸಂಜೆ ಹೆಂಡತಿಗೆ ತಿಳಿಸಿದಾಗ ಅವಳು, “ಮರಿ ಎಲ್ಲಿಗೂ ಹೋಗಲ್ಲ” ಎಂದಳು. ಏಕೆಂದು ನಾನು ಕೇಳಲಿಲ್ಲ. ಸೌಜನ್ಯದ ವಿಷಯ ಮೊದಲೇ ಹೇಳಿದ್ದೇನೆ.

ಮರುದಿನ ಶನಿವಾರ. ಹೋಗುವ ಮೊದಲು ತಮಗೆ ಕೊನೆಯ ಚುಚ್ಚುಮದ್ದು ಹಾಕಿಸಿಬಿಡೋಣವೆಂದು ಬೆಳಿಗ್ಗೆ ಹತ್ತಕ್ಕೆ ತಮ್ಮನ್ನು ಪಶುವೈದ್ಯೆಯ ಬಳಿಗೆ ಕರೆದೊಯ್ದೆ. ನಮ್ಮ ಮುಂದೆ ಒಂದು ಗಿಳಿ, ಎರಡು ಬೆಕ್ಕು ಮತ್ತು ತನ್ನ ಯಜಮಾನನನ್ನು ಕಚ್ಚಿದ್ದ ಒಂದು ಮೊಲ ಇದ್ದವು. ಹಿಂತಿರುಗಿದಾಗ ಹನ್ನೆರಡೂವರೆ. ಹೆಂಡತಿ ಇನ್ನೂ ಆಸ್ಪತ್ರೆಯಿಂದ ಬಂದಿರಲಿಲ್ಲ, ಅಪ್ಪ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದರು, ನೆಲ ಒರೆಸುವ ಬಟ್ಟೆಯ ಒದ್ದೆ ಇನ್ನೂ ಆರಿರಲಿಲ್ಲ. ಫ್ರಿಜ್ಜಿನ ಬಾಗಿಲ ಮೇಲೆ ಇಪ್ಪತ್ತನೆಯ ಗುರುತು ಬಂದಿತ್ತು. ಹೊತ್ತು: ಹನ್ನೊಂದು ಹತ್ತು. ಜಾಗ: ಓಣಿ. ವಿಸ್ತೀರ್ಣ: ತಟ್ಟೆ. ಬಾಲ ಉದ್ದವಾಗಿತ್ತು.

ಹನ್ನೊಂದು ಹತ್ತಕ್ಕೆ ತಾವು ನನ್ನ ತೊಡೆಯ ಮೇಲೆ ಕೂತು ಮೊಲವನ್ನು ನೋಡುತ್ತಿದ್ದಿರಿ.

ಅಪ್ಪ ಅದನ್ನು ಬರೆಯದೇ ಬಿಡಬಹುದಿತ್ತು. ಒರೆಸಿದ್ದಾಗಿತ್ತು, ಮನೆಯಲ್ಲಿ ಯಾರೂ ಇರಲಿಲ್ಲ. ಆದರೆ ಗುರುತು ಹಾಕತಕ್ಕದ್ದು ಎಂದು ಕಾಗದದ ಮೇಲೆ ಬರೆದಿರುವಾಗ ಹಾಕದೇ ಇರುವುದು ಅವರಿಂದ ಆಗುವ ಕೆಲಸವಲ್ಲ. ಹೊತ್ತನ್ನು ಹತ್ತು ನಿಮಿಷ ಹಿಂದೆ ಮುಂದೆ ಮಾಡುವುದೂ ಆಗದು. ಹೊತ್ತು ಸರಿಯಾಗಿತ್ತು, ಜಾಗ ಸರಿಯಾಗಿತ್ತು, ವಿಸ್ತೀರ್ಣ ಕೂಡ ಪ್ರಾಮಾಣಿಕವಾಗಿತ್ತು. ಬಸ್ಸಿನ ನಂಬರು ಮಾತ್ರ ಬೇರೆ.

ನಾನು ಪೆನ್ಸಿಲು ತೆಗೆದುಕೊಂಡು ನಕ್ಷೆಯ ಮೇಲಿನ ಬಾಲದ ಗುರುತುಗಳನ್ನಷ್ಟೇ ಒಂದಕ್ಕೊಂದು ಜೋಡಿಸಿದೆ. ಒಂಬತ್ತು ಇದ್ದವು. ತಮ್ಮ ಗುರುತುಗಳು ಗೋಡೆ, ಮೂಲೆ, ಮಂಚದಡಿ ಎಂದು ಮನಸ್ಸಿಗೆ ಬಂದ ಕಡೆ ಚೆಲ್ಲಿದ್ದವು. ಈ ಒಂಬತ್ತು ಅಪ್ಪನ ಕುರ್ಚಿಯಿಂದ ಹೊರಟು, ಓಣಿಯ ನಡುವೆ ಹಾದು, ಬಚ್ಚಲುಮನೆಯ ಬಾಗಿಲಿಗೆ ಎರಡು ಹೆಜ್ಜೆ ಇರುವಲ್ಲಿ ನಿಂತಿದ್ದವು. ನನ್ನ ಕೆಲಸದ ಜೀವನದಲ್ಲಿ ಅಷ್ಟು ನೇರವಾದ ಪೈಪನ್ನು ನಾನು ನೋಡಿರಲಿಲ್ಲ. ಇದನ್ನು ಪತ್ತೆಮಾಡಿದ ಕ್ಷಣ ನನಗೆ ಮೊದಲು ಆದದ್ದು ಸಂತೋಷ ಎಂಬುದನ್ನು, ತಾವು ಯಾರಿಗೂ ಹೇಳುವವರಲ್ಲವಾದ್ದರಿಂದ, ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಹೆಂಡತಿ ಬಂದ ಮೇಲೆ ಅಡುಗೆಮನೆಯಲ್ಲಿ, ನಲ್ಲಿ ಬಿಟ್ಟುಕೊಂಡು, ಮೆಲ್ಲಗೆ ವಿಷಯ ತೆಗೆದೆ. ಅವಳು ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. “ಈಗ ಗೊತ್ತಾಯ್ತಾ? ಲ್ಯಾಬಲ್ಲಿ ದಿನಾ ಎಂಬತ್ತು ಸೀಸೆ ನೋಡೋಳು ನಾನು. ನೆಲ ಒರೆಸೋಳೂ ನಾನೇ. ನಾಯಿದ್ಯಾವುದು ಮನುಷ್ಯಂದ್ಯಾವುದು ನನಗೆ ತಿಳಿಯಲ್ವಾ?” ಮತ್ತೆ ನನಗೆ ಏಕೆ ಹೇಳಲಿಲ್ಲವೆಂದು ಕೇಳಿದೆ. “ಹೇಳಿದ್ರೆ ಮಾವನಿಗೂ ಒಂದು ನಕ್ಷೆ ಬರೀತಿದ್ರಿ” ಎಂದಳು. ಆಮೇಲೆ ನಲ್ಲಿ ನಿಲ್ಲಿಸಿ, ತಾನು ಅಪ್ಪನನ್ನು ಆಗಲೇ ಆಸ್ಪತ್ರೆಯ ದೊಡ್ಡ ಡಾಕ್ಟರಿಗೆ ತೋರಿಸಿದ್ದಾಗಿಯೂ, ಭಯಪಡುವಂಥದ್ದೇನಿಲ್ಲ, ವಯಸ್ಸಿನದು, ಬರಲಿ ಬಿಡಲಿ ಎರಡು ಗಂಟೆಗೊಮ್ಮೆ ಎದ್ದು ಹೋಗಿಬರಬೇಕು, ನೀರು ಚೆನ್ನಾಗಿ ಕುಡಿಯಬೇಕು ಎಂದು ಡಾಕ್ಟರು ಹೇಳಿದ್ದಾಗಿಯೂ ತಿಳಿಸಿದಳು. “ಹೋಗಿ ಮಾವ ಅಂತ ಸೊಸೆ ಹೇಳಕ್ಕಾಗತ್ತಾ? ಹೇಳಿದ್ರೂ ಅವರು ಎದ್ದು ಹೋಗ್ತಾರಾ? ನೀರಂತೂ ಮುಟ್ತಾ ಇಲ್ಲ. ಯಾವಾಗಿಂದ ಮುಟ್ತಿಲ್ಲ ಅಂತ ಕೇಳಿ.” ಕೇಳಿದೆ. “ಆ ಹಾಳೆ ಅಂಟಿಸಿದ ದಿನದಿಂದ. ನೀರಿನ ಬಾಟ್ಲಿ ಎಲ್ಲಿದೆ ಹೇಳಿ?”

ನೀರಿನ ಬಾಟಲಿ ಫ್ರಿಜ್ಜಿನಲ್ಲಿತ್ತು. ಬಾಯಾರಿದ ಪ್ರತಿ ಸಲವೂ ಅಪ್ಪ ಆ ಬಾಲದ ಗುರುತುಗಳ ಎದುರು ನಿಂತು ಆ ಬಾಗಿಲನ್ನು ತೆಗೆಯಬೇಕಾಗಿತ್ತು.

ಮಾನ್ಯರೇ, ಕುರ್ಚಿಯ ದಿಂಬು ಮಂಗಳವಾರ ಒಣಗಿದ್ದೂ ತಾವು ಗುರುವಾರ ಆಗಮಿಸಿದ್ದೂ ಯಾವ ಕ್ರಮದಲ್ಲಿ ನಡೆಯಿತೆಂದು ನನಗೆ ಆಗ ಹೊಳೆಯಿತು. ಒದ್ದೆ ನೆಲಕ್ಕೆ ಒಬ್ಬ ಹೊಣೆಗಾರ ಬೇಕಾಗಿತ್ತು. ಹೆಂಡತಿ ಅವನನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದಿದ್ದಳು. ತಾವು ಒಂದು ಚೂರು ಬಿಸ್ಕತ್ತಿನ ನಿರೀಕ್ಷೆಯೂ ಇಲ್ಲದೆ, ಒಂದೂವರೆ ತಿಂಗಳು ಇನ್ನೊಬ್ಬರ ಮಾನ ಹೊತ್ತುಕೊಂಡು, ಬೈಗುಳಕ್ಕೆ ಕಿವಿ ಮಡಚಿ ಕೂತಿದ್ದಿರಿ. ನಮ್ಮ ಕಚೇರಿಯಲ್ಲಿ ಮೇಲಧಿಕಾರಿಯ ತಪ್ಪನ್ನು ತಲೆಯ ಮೇಲೆ ಹಾಕಿಕೊಂಡವರಿಗೆ ಬಡ್ತಿ ಸಿಗುತ್ತದೆ. ತಮಗೆ ಗೋದಾಮು ಸಿಗುವುದರಲ್ಲಿತ್ತು.

ಭಾವಮೈದುನನಿಗೆ ಬರಬೇಡವೆಂದು ತಿಳಿಸಲು ಮರೆತೆ. ಕೊಟ್ಟ ಆದೇಶವನ್ನು ಹಿಂತೆಗೆದುಕೊಳ್ಳುವ ಅಭ್ಯಾಸ ನಮ್ಮ ಇಲಾಖೆಯಲ್ಲಿ ಯಾರಿಗೂ ಇಲ್ಲ. ಭಾನುವಾರ ಬೆಳಿಗ್ಗೆ ಅವನು ಒಂದು ಹಗ್ಗ ಮತ್ತು ಗೋಣಿಚೀಲದೊಂದಿಗೆ ಬಾಗಿಲಲ್ಲಿ ನಿಂತು, “ಎಲ್ಲಿ ನಮ್ಮ ಹೊಸ ವಾಚ್‌ಮನ್ನು?” ಎಂದಾಗಲೇ ಅಪ್ಪನಿಗೆ ವಿಷಯ ತಿಳಿದದ್ದು. ಅವರು ನನ್ನನ್ನು ನೋಡಿದರು, ಫ್ರಿಜ್ಜಿನ ಕಡೆ ನೋಡಿದರು, ಕುರ್ಚಿಯ ಎರಡೂ ತೋಳು ಹಿಡಿದು ಎದ್ದು ನಿಂತರು. ತಾವು ಆ ಹೊತ್ತಿಗೆ ಗೋಣಿಚೀಲದ ಒಂದು ಮೂಲೆಯನ್ನು ಎಳೆದಾಡುತ್ತಿದ್ದಿರಿ. “ಅದನ್ನ ಕಳಿಸ್ಬೇಡ ಕಣೋ” ಎಂದರು ಅಪ್ಪ. “ಆ ಹಾಳೇಲಿ ಇರೋದೆಲ್ಲ ಅದರದ್ದಲ್ಲ. ಕೆಲವು...”

ಮೂವತ್ತಾರು ವರ್ಷ ಯಾವ ಡ್ರೈವರಿಗೂ ತಲೆಬಾಗದ ಮನುಷ್ಯ, ಗೋಣಿಚೀಲ ಹಿಡಿದ ಬೀಗರ ಹುಡುಗನ ಎದುರು, ತಮ್ಮ ಸಲುವಾಗಿ, ಆ ವಾಕ್ಯವನ್ನು ಮುಗಿಸಲು ಹೊರಟಿದ್ದರು. ಕೇಳದೇ ಇರುವ ನನ್ನ ಸೌಜನ್ಯ ಜೀವನದಲ್ಲಿ ಒಂದೇ ಒಂದು ಸಲ ಉಪಯೋಗಕ್ಕೆ ಬಂದದ್ದು ಆಗ. ಅವರ ಮಾತು ಮುಗಿಯುವುದರೊಳಗೆ ನಾನು, “ಹೌದಪ್ಪ, ಕೆಲವು ನಾನೇ ತಪ್ಪು ಬರೆದಿದ್ದೆ, ನಕ್ಷೆಯೇ ಸರಿಯಿಲ್ಲ” ಎಂದು ಹೋಗಿ ಹಾಳೆಯನ್ನು ಹರಿದು ತೆಗೆದೆ. ಫ್ರಿಜ್ಜಿನ ಬಣ್ಣವೂ ಸ್ವಲ್ಪ ಕಿತ್ತುಬಂತು. ಭಾವಮೈದುನ, “ಏನ್ ಭಾವ, ಫೋನ್ ಮಾಡಿ ಕರೆಸಿ ಈಗ ಹಿಂಗಂತೀರಲ್ಲ” ಎಂದು ಗೊಣಗಿದ. “ಕಾಫಿ ಕುಡ್ಕೊಂಡು ಹೋಗಣ್ಣ” ಎಂದಳು ಹೆಂಡತಿ, “ಮರಿಗೆ ಇಲ್ಲೇ ಕೆಲಸ ಸಿಕ್ಕಿದೆ.” ಅವನು ಹೋಗುವಾಗ ಹಗ್ಗವನ್ನು ಇಲ್ಲಿಯೇ ಮರೆತ.

ಅದೇ ಮಧ್ಯಾಹ್ನ ನಾನು ಇನ್ನೊಂದು ಹಾಳೆ ತೆಗೆದುಕೊಂಡು, ಬೆಳಗಿನ ಆರರಿಂದ ಎರಡೆರಡು ಗಂಟೆಗೆ ಒಂದರಂತೆ ತಮ್ಮ ಹಿತ್ತಿಲ ಪ್ರಯಾಣಗಳ ವೇಳಾಪಟ್ಟಿ ಬರೆದೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಮರಿಯನ್ನು ಹೊತ್ತು ಹೊತ್ತಿಗೆ ಕರೆದೊಯ್ಯುವವರಿಲ್ಲದೆ ಅದು ಕಲಿಯುತ್ತಿಲ್ಲ, ಆ ಜವಾಬ್ದಾರಿ ನೀವು ವಹಿಸಿಕೊಳ್ಳುತ್ತೀರಾ ಎಂದು ಅಪ್ಪನನ್ನು ಕೇಳಿಕೊಂಡೆ. ಅವರು ಕನ್ನಡಕ ಹಾಕಿಕೊಂಡು ವೇಳಾಪಟ್ಟಿಯ ಮೇಲಿಂದ ಕೆಳಗೆ ಬೆರಳೆಳೆದರು. ಪಕ್ಕದಲ್ಲಿ ತಾವು ಹಗ್ಗ ಕಡಿಯುತ್ತಿದ್ದಿರಿ.

“ಎರಡು ಗಂಟೆ ಜಾಸ್ತಿ ಆಯ್ತು” ಎಂದರು ಅಪ್ಪ. “ಒಂದೂಮುಕ್ಕಾಲು ಮಾಡು. ಮರಿಗೆ ಅಷ್ಟೊತ್ತು ತಡೆಯಕ್ಕಾಗಲ್ಲ.”

ಮಾಡಿದೆ. ಅವರು ಪೆಟ್ಟಿಗೆಯ ತಳದಿಂದ ತಮ್ಮ ಹಳೆಯ ಸೀಟಿ ಹುಡುಕಿ ತೆಗೆದು, ಒರೆಸಿ, ಕೊರಳಿಗೆ ಹಾಕಿಕೊಂಡರು. ಅಂದಿನಿಂದ ನಡೆದದ್ದು ತಮಗೇ ಗೊತ್ತು. ಸೀಟಿ ಊದಿದ ಕೂಡಲೇ ತಾವು ಹಗ್ಗ ಕಚ್ಚಿಕೊಂಡು ಕುರ್ಚಿಯ ಬಳಿ ಹಾಜರಾಗುವುದು, “ನಡಿಯಪ್ಪ ಶಟಲ್ಲು, ರೈಟ್ ರೈಟ್” ಎಂದು ಅವರು ಏಳುವುದು, ಇಬ್ಬರೂ ಓಣಿಯ ಗುಂಟ ಹೋಗುವುದು, ತಮ್ಮನ್ನು ನಿಂಬೆಗಿಡದ ಬುಡದಲ್ಲಿ ಬಿಟ್ಟು, “ಎದ್ದಿದ್ದು ಹೇಗೂ ಎದ್ದಾಯ್ತು” ಎಂದು ಯಾರಿಗೋ ಹೇಳಿದಂತೆ ಹೇಳಿ ಅವರು ಬಚ್ಚಲುಮನೆಗೆ ತಿರುಗುವುದು. ಬಾಟಲಿಯಲ್ಲಿ ನೀರು ಇಳಿಯತೊಡಗಿತು. ದಿಂಬು ಗೋಡೆಗೆ ಹೋಗಲಿಲ್ಲ. ಪ್ರತಿ ಪ್ರಯಾಣಕ್ಕೂ ಹಾಳೆಯ ಮೇಲೆ ಬಾಲದ ಸರಿಗುರುತು ಬಿತ್ತು, ಈ ಸಲ ಬಸ್ಸಿನ ನಂಬರೂ ಸರಿಯಾಗಿತ್ತು. ಒಂದು ಬಸ್ಸಿನಲ್ಲಿ ಎಷ್ಟು ಜನ ಪ್ರಯಾಣ ಮಾಡಿದರೆಂದು ಬರೆಯುವ ಪದ್ಧತಿ ಇರಲಿಲ್ಲ.

ಇಷ್ಟೆಲ್ಲ ಸರಿಯಿರುವಾಗ ತಾವು ಬೆಳೆದುಬಿಟ್ಟಿರಿ.

ಕಳೆದ ವಾರ ಪಶುವೈದ್ಯೆ ತಮ್ಮ ಹೊಟ್ಟೆ ಒತ್ತಿ ನೋಡಿ, “ಇನ್ನು ದಿನಕ್ಕೆ ನಾಲ್ಕು ಸಲ ಹೊರಗೆ ಬಿಟ್ರೆ ಸಾಕು ಸಾರ್, ಪೂರ್ತಿ ಕಲಿತುಬಿಟ್ಟಿದೆ” ಎಂದು ಅಭಿನಂದಿಸಿದರು. ಇದನ್ನು ಮನೆಯಲ್ಲಿ ಹೇಳಬೇಡಿರೆಂದು ನಾನು ಕೋರಿದಾಗ ಅವರು ನನ್ನನ್ನು ನೋಡಿದ ರೀತಿ ತಮ್ಮ ಗಮನಕ್ಕೂ ಬಂದಿರಬಹುದು. ಆದರೆ ತಾವೇ ಅದನ್ನು ಜಾಹೀರು ಮಾಡುತ್ತಿದ್ದೀರಿ. ಮೊನ್ನೆ ಮಂಗಳವಾರ ರಜೆ ಹಾಕಿ ಮನೆಯಲ್ಲಿದ್ದಾಗ ಕಣ್ಣಾರೆ ಕಂಡೆ: ಸೀಟಿ ಊದಿದರು, ತಾವು ಏಳಲಿಲ್ಲ. ಎರಡನೆಯ ಸಲ ಊದಿದರು, ತಾವು ಬಾಲವನ್ನು ಒಮ್ಮೆ ನೆಲಕ್ಕೆ ಬಡಿದು ಸ್ವೀಕೃತಿ ತಿಳಿಸಿ ಮತ್ತೆ ಮಲಗಿದಿರಿ. ಅಪ್ಪ ಹಗ್ಗ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದರು. ಓಣಿಯ ಕಡೆ ನೋಡಿದರು. ಆಮೇಲೆ ಹಗ್ಗವನ್ನು ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟರು. ಒಬ್ಬರೇ ಹೋಗಲಿಲ್ಲ. ಬಸ್ಸು ಹೊರಡದಿದ್ದ ಮೇಲೆ ನಿಯಂತ್ರಕ ಮಾತ್ರ ಹೊರಡುವುದು ಹೇಗೆ? ಸಂಜೆ ಅವರು ನೀರಿನ ಲೋಟವನ್ನು ಅರ್ಧಕ್ಕೇ ಇಟ್ಟದ್ದನ್ನು ಹೆಂಡತಿಯೂ ನೋಡಿದಳು, ನಾನೂ ನೋಡಿದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಪ್ರಾರ್ಥನೆ. ತಾವು ಪೂರ್ತಿ ಕಲಿತಿರುವುದನ್ನು ದಯಮಾಡಿ ಗೋಪ್ಯವಾಗಿಡಬೇಕು. ಒಂದೂಮುಕ್ಕಾಲು ಗಂಟೆಗೊಮ್ಮೆ, ಬರಲಿ ಬಿಡಲಿ, ತಮಗೆ ಅವಸರವಾಗಬೇಕು. ಸಾಧ್ಯವಾದರೆ ಸೀಟಿಗೆ ಎರಡು ನಿಮಿಷ ಮೊದಲೇ ಕುರ್ಚಿಯ ಸುತ್ತ ಚಡಪಡಿಸಿದರೆ ಇನ್ನೂ ಉತ್ತಮ. ನಿಂಬೆಗಿಡದ ಬುಡದಲ್ಲಿ ಏನೂ ಇಲ್ಲದಿದ್ದರೂ ಕಾಲೆತ್ತಿ ಕರ್ತವ್ಯದ ನಟನೆಯನ್ನಾದರೂ ಮಾಡಬೇಕು. ಇದು ಅಸಾಧ್ಯವೆಂದು ಹೇಳಬೇಡಿ, ನಮ್ಮ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅದನ್ನು ಮಾಡುತ್ತಿರುವವರನ್ನು ತೋರಿಸಬಲ್ಲೆ. ಬುದ್ಧಿ ಬೆಳೆಯುವುದನ್ನು ಇಲ್ಲಿಗೇ ನಿಲ್ಲಿಸಬೇಕು. ವಯಸ್ಸಾಗುವುದನ್ನೂ ಆದಷ್ಟು ಮುಂದೂಡಬೇಕು. ಈ ಮನೆಯಲ್ಲಿ ಆ ಕೆಲಸಕ್ಕೆ ಬೇರೆಯವರಿದ್ದಾರೆ. ಇಷ್ಟಕ್ಕೆ ಪ್ರತಿಯಾಗಿ ನನ್ನ ಹೊಸ ಚಪ್ಪಲಿಯ ಎಡಗಾಲಿನದನ್ನು ತಮ್ಮ ಚಾಪೆಯ ಬಳಿ ಮರೆತು ಹೋಗುವ ವ್ಯವಸ್ಥೆ ಮಾಡಿದ್ದೇನೆ. ಬಲಗಾಲಿನದು ಫಲಿತಾಂಶ ನೋಡಿಕೊಂಡು.

ತಮ್ಮ ಹಗ್ಗದ ಇನ್ನೊಂದು ತುದಿಯ ಮನೆಯವನಾದ,
ತಮ್ಮ ವಿಶ್ವಾಸಿ

ಮರೆತ ಮಾತು: ಪತ್ರ ಮುಗಿಸಿದ ಮೇಲೆ ನಡೆದದ್ದನ್ನೂ ದಾಖಲಿಸುವುದು ಪ್ರಾಮಾಣಿಕತೆ. ಈಗಷ್ಟೇ ಅಪ್ಪ ಸೀಟಿ ಊದಿದರು. ತಾವು ಒಂದು ಕಣ್ಣು ತೆರೆದು, ನನ್ನ ಚಪ್ಪಲಿಯ ಪಟ್ಟಿಯನ್ನು ಬಾಯಿಯಿಂದ ಬಿಡದೆ, ಮತ್ತೆ ಮುಚ್ಚಿಕೊಂಡಿರಿ. ಎದ್ದವನು ನಾನು. ಏಳಬೇಕೆಂದು ಎದ್ದದ್ದಲ್ಲ, ಐವತ್ತೆರಡು ವರ್ಷದ ದೇಹಕ್ಕೆ ಆ ಸದ್ದು ಕೇಳಿ ಸುಮ್ಮನೆ ಕೂರಲು ಆಗಲಿಲ್ಲ. ಓಣಿಯಲ್ಲಿ ಅರ್ಧ ದಾರಿಗೆ ಬಂದಾಗ ಹಿಂದಿನಿಂದ ಅಪ್ಪನೂ ಬರುತ್ತಿರುವುದು ಕೇಳಿಸಿತು. ಅವರು ಬಚ್ಚಲುಮನೆಯ ಬಾಗಿಲ ಬಳಿ ನನ್ನನ್ನು ಮೊದಲು ಒಳಗೆ ಬಿಟ್ಟು, ತಮ್ಮ ಕಡೆ ತಿರುಗಿ ಹೇಳಿದ್ದನ್ನು ತಾವು ಕೇಳಿಸಿಕೊಂಡಿರೋ ಇಲ್ಲವೋ: “ಇರಲಿ ಬಿಡು ಶಟಲ್ಲು, ಇವನೂ ಕಲೀತಿದಾನೆ.”